ಏಳನೆಯ ಬಾಯಿ

ನನ್ನ ಕಸುಬು ಮೋಟರ್ ರಿವೈಂಡಿಂಗ್.
ನೌಬಾದಿನ ತಿರುವಿನಲ್ಲಿ ಹತ್ತಡಿ ಅಂಗಡಿ,
ವಾರ್ನಿಷ್ ವಾಸನೆ ಬಿಡದ ಬೆರಳು.
ಬೋರು ಆಳವಾದಷ್ಟೂ ಮೋಟರು ಸುಟ್ಟವು,
ಮೋಟರು ಸುಟ್ಟಷ್ಟೂ ನನ್ನ ಮನೆಯಲ್ಲಿ ಬ್ಯಾಳಿ ಕುದಿಯಿತು.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಆಮೇಲೆ ನನ್ನನ್ನು ದೊಡ್ಡ ಮನುಷ್ಯ ಮಾಡಬೇಡಿ.

ಜಗದೇವಿ ಟೀಚರು ಹಗ್ಗ ಕೇಳಲು ಬಂದಿದ್ದರು,
ಸುರಂಗ ಬಾವಿಯ ಹೂಳು ತೆಗೆಯಬೇಕಂತೆ.
ಹಗ್ಗ ಕೊಟ್ಟೆ. ರಾಟೆಯೂ ಇದೆ ಅಂದೆ.
ಬಾಯಿ ತಪ್ಪಿ, ಕಟ್ಟಲೂ ಬರುತ್ತದೆ ಅಂದೆ.
ರವಿವಾರ ಬೆಳಗ್ಗೆ ಆರಕ್ಕೆ
ಮೊದಲು ಕಂದೀಲು ಇಳಿಸಿದರು. ಆರಲಿಲ್ಲ.
ಆಮೇಲೆ ನನ್ನನ್ನು.

ಮೇಲಿನಿಂದ ನೋಡಿದರೆ ಅವು ಬೇರೆ ಬೇರೆ ಬಾವಿ:
ಒಂದು ಸೈಕಲ್ ಅಂಗಡಿಯ ಹಿಂದೆ,
ಒಂದು ಖಬರಸ್ತಾನದ ಬದಿಗೆ,
ಒಂದರ ಮೇಲೆ ಸಂಗ್ರಾಮಪ್ಪನವರ ಕಾಂಪೌಂಡು ಗೋಡೆ.
ನಲವತ್ತು ವರ್ಷ ಹಾಗೇ ತಿಳಿದಿದ್ದೆ.
ಕೆಂಪು ಕಲ್ಲಿನ ಗಂಟಲು ದಾಟಿ
ಕೆಳಗೆ ನಿಂತು ಕಂದೀಲು ಎತ್ತಿದರೆ
ಬಾವಿ ಎಂಬುದೇ ಇಲ್ಲ.
ಒಂದೇ ಓಣಿ, ಬಗ್ಗಿ ನಡೆಯುವಷ್ಟು ಎತ್ತರ,
ಆಗಾಗ ನೆತ್ತಿಯ ಮೇಲೊಂದು ಬೆಳಕಿನ ತಟ್ಟೆ.

ಹೂಳು ಅಂದರೆ ಮಣ್ಣು ಅಂದುಕೊಂಡಿದ್ದೆ.
ಮಣ್ಣು ಆಮೇಲೆ ಬಂತು.
ಮೊದಲು ಮದುವೆಯ ಥರ್ಮೋಕೋಲ್ ತಟ್ಟೆ,
ಒಂದು ಕಾಲಿನ ಬೂಟು, ಮುಂದಿನ ಬುಟ್ಟಿಯಲ್ಲಿ
ಅದರ ಜೋಡಿಯಲ್ಲದ ಇನ್ನೊಂದು.
ಆಮೇಲೆ ಸಲಿಕೆಗೆ ಠಣ್ಣೆಂದದ್ದು
ಒಂದು ವಾರ್ನಿಷ್ ಡಬ್ಬಿ.

ಒರೆಸಿದೆ. ಹೆಸರು ಅಳಿಸಿಹೋಗಿತ್ತು.
ಮುಚ್ಚಳಕ್ಕೆ ತಂತಿ ಬಿಗಿದ ರೀತಿ ಅಳಿಸಿರಲಿಲ್ಲ.
ಎರಡು ಸುತ್ತು, ಒಂದು ಒಳಗಂಟು.
ಅಪ್ಪ ಕಲಿಸಿದ್ದು,
ಇಡೀ ಬೀದರಿನಲ್ಲಿ ಇನ್ನಾರಿಗೂ ಬಾರದೆಂದು
ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೆ.
ಎಸೆದಾಗ ಸದ್ದೂ ಕೇಳಿಸುತ್ತಿರಲಿಲ್ಲ.
ಸುತ್ತ ಕೈಯಾಡಿಸಿದೆ. ಹನ್ನೊಂದು.

"ಏನಾಯ್ತೋ ವೈಜಿನಾಥ, ಹಗ್ಗ ಜಗ್ಗವಲ್ಲಿ?"
ಮೇಲೆ ಖದೀರ್ ಚಾಚಾನ ತಲೆ, ನಾಣ್ಯದಷ್ಟು.
ಏನಿಲ್ಲ ಅಂದೆ.
ಎಂಟು ಡಬ್ಬಿ ಕೆಸರಿನಡಿ ಹುದುಗಿಸಿ ಕಳಿಸಿದೆ.
ಕೈ ಸೋತಿತು. ಉಳಿದ ಮೂರು
ಬುಟ್ಟಿಯ ಮೇಲೇ ಇಟ್ಟೆ, ಕಾಣುವ ಹಾಗೆ.
ಯಾರೂ ಏನೂ ಕೇಳಲಿಲ್ಲ.
ಖಾಲಿ ಬುಟ್ಟಿ ವಾಪಸು ಬರುವಾಗ
ಅದರಲ್ಲೊಂದು ಸ್ಟೀಲ್ ಲೋಟ, ಬಸಿ ಮುಚ್ಚಿದ ಚಾ.

ಹನ್ನೊಂದರ ಹೊತ್ತಿಗೆ ಪಾದ ತಣ್ಣಗಾಯಿತು.
ಬಿರುಕಿನಿಂದ ಮೊದಲು ಬೆವರಿನಂತೆ,
ಆಮೇಲೆ ದಾರದಂತೆ,
ಆಮೇಲೆ ನನ್ನ ಹಿಮ್ಮಡಿ ಬಳಸಿಕೊಂಡು ಹೊರಟೇಹೋಯಿತು.
ಸ್ವಲ್ಪ ಹೊತ್ತಿಗೆ ಒಂಬತ್ತನೆಯ ಬಾಯಿಂದ
ರಬಿಯಾ ಆಪಾಳ ಬೈಗುಳ ಸುರಂಗದುದ್ದಕ್ಕೂ ಬಂತು:
"ಮ್ಯಾಲ ಯಾರ್ ಕಲಕ್ಲತ್ತೀರಿ? ನನ್ನ ಕೊಡ ಕೆಂಪಾಗ್ಯಾದ!"

ಇಲ್ಲಿ ನನ್ನ ಕಾಲು ಅಲುಗಿದರೆ
ಅಲ್ಲೊಬ್ಬಳ ಕೊಡ ಕೆಂಪಾಗುತ್ತದೆ.
ಇದನ್ನು ಪ್ರವಚನದಲ್ಲಿ ಕೇಳಿ ತಲೆದೂಗಿದ್ದೇನೆ;
ಬೈಗುಳದಲ್ಲಿ ಕೇಳಿದ್ದು ಇದೇ ಮೊದಲು.
"ನಾನೇ, ಆಪಾ," ಎಂದು ಕೂಗಿದೆ.
ಕೂಗು ಹೋಗಿ ಎಲ್ಲ ಬಾಯಿಗಳಲ್ಲೂ ಹೊರಬಿತ್ತಂತೆ,
ಎಲ್ಲ ಬಾಯಿಗಳಿಂದ ನಗು ಕೆಳಗೆ ಬಿತ್ತು.
"ನಿಂತ್ಕೊ ಹಂಗಾರ," ಅಂದಳು, "ತಿಳಿಯಾಗ್ಲಿ."
ನಿಂತೆ.
ಅಷ್ಟು ಹೊತ್ತು ಸುಮ್ಮನೆ ನಿಂತದ್ದು
ನನಗೆ ನೆನಪಿಲ್ಲ.

ಸೋಮವಾರ ಅಂಗಡಿ ತೆರೆದಾಗ
ಸಂಗ್ರಾಮಪ್ಪನವರ ಮೋಟರು ಬಂದಿತ್ತು, ಸುಟ್ಟು.
ಒಂಬೈನೂರು ಅಡಿಯಂತೆ. ಇನ್ನೂ ಇಳಿಸುತ್ತಾರಂತೆ.
ತಂತಿ ಸುತ್ತಲು ಕೂತೆ. ಅನ್ನ ಇದೇ ತಾನೇ.
ಮೂವತ್ತೇಳಕ್ಕೆ ಎಣಿಕೆ ತಪ್ಪಿತು,
ಮತ್ತೆ ಒಂದರಿಂದ.
"ಬರೋ ರವಿವಾರ ನಿಮ್ಮ ಗೋಡಿ ಕೆಳಗ ಬರ್ತೀವ್ರಿ," ಅಂದೆ,
ತಲೆ ಎತ್ತದೆ. "ಬುಟ್ಟಿ ಹಿಡೀಲಿಕ್ಕೆ ಒಂದು ಆಳು ಕಮ್ಮಿ ಅದ."
ಅವರು ತಮ್ಮ ಚಪ್ಪಲಿ ನೋಡಿಕೊಂಡರು.

ಅವರು ಹೋದ ಮೇಲೆ ಡಬ್ಬಿ ಖಾಲಿಯಾಯಿತು.
ಮುಚ್ಚಳ ಬಿಗಿದೆ: ಎರಡು ಸುತ್ತು, ಒಂದು ಒಳಗಂಟು.
ಎಲ್ಲಿ ಒಗೆಯಬೇಕೋ ಇನ್ನೂ ಗೊತ್ತಿಲ್ಲ.
ಬೆಂಚಿನ ಕೆಳಗೆ
ಹನ್ನೊಂದರ ಪಕ್ಕ ಇಟ್ಟೆ.